ಉತ್ಸವದ ರೊಕ್ಕ ಊರಾಗ ಎಷ್ಟು ಉಳೀತದ?

ಪ್ರಶ್ನೆ: ಸರ್, ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಬಟ್ಟೆ ಅಂಗಡಿ ಅದ, ಅಪ್ಪನ ಕಾಲದ್ದು. ಉತ್ಸವ, ಸಮ್ಮೇಳನ, ಜಾತ್ರಿ ಏನೇ ಆದ್ರೂ ವೇದಿಕಿ ಮ್ಯಾಲಿಂದ ‘ಊರಿಗೆ ಕೋಟಿಗಟ್ಟಲೆ ವ್ಯಾಪಾರ ಆಗ್ತದ’ ಅಂತ ಹೇಳ್ತಾರ. ಆ ದಿನಗಳಾಗ ನನ್ನ ಗಲ್ಲಾ ಮಾತ್ರ ಖಾಲಿ. ರಸ್ತಾ ಬಂದ್ ಆಗಿರ್ತದ, ಗಿರಾಕಿ ಬರಂಗಿಲ್ಲ. ಈ ರೊಕ್ಕ ಖರೇನೇ ಊರಿಗೆ ಬರ್ತದೇನು? ಬಂದ್ರ ಯಾರ ಕಿಸೆದಾಗ ಹೋಗ್ತದ? ಅದೇ ರೊಕ್ಕದಾಗ ಒಂದು ನಾಲಾ ಕಟ್ಟಿದ್ರ ಛಲೋ ಇರ್ತಿತ್ತಲ್ಲ?

ಉತ್ತರ:

ಬರುತ್ತದೆ. ಭಾಷಣದಲ್ಲಿ ಹೇಳುವಷ್ಟು ಬರುವುದಿಲ್ಲ. ಬಂದದ್ದರಲ್ಲೂ ದೊಡ್ಡ ಪಾಲು ಮರುದಿನ ಬೆಳಗಿನ ಗಾಡಿಗೇ ಊರು ಬಿಡುತ್ತದೆ. ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಕ್ಲಾಸಿನಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆದು ತೋರಿಸುವಾಗ ಹುಡುಗರು ಆಕಳಿಸುತ್ತಿದ್ದರು. ಜಾತ್ರೆ ಮೈದಾನದಲ್ಲಿ ನಿಂತು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಶರಣಬಸವೇಶ್ವರರ ಜಾತ್ರೆ ನಿಮಗೆ ಹೊಸದೇನಲ್ಲ. ಹೋಳಿ ಹುಣ್ಣಿಮೆಯ ಆಚೆ ಐದನೇ ದಿನ ತೇರು. ತೇರು ಎಳೆದು ಮುಗಿದ ಮೇಲೂ ಅಂಗಡಿ, ತೊಟ್ಟಿಲು ವಾರಗಟ್ಟಲೆ ಇರುತ್ತವೆ. ಮಾರ್ಚ್ ಬಿಸಿಲಿಗೆ ಹಗಲೆಲ್ಲ ಮೈದಾನ ಮಲಗಿರುತ್ತದೆ, ಸಂಜೆ ಆರಕ್ಕೆ ಏಳುತ್ತದೆ. ಅಲ್ಲಿ ಅಕ್ಕಪಕ್ಕ ಇರುವ ಎರಡು ಅಂಗಡಿ ನೋಡಿ. ಒಂದು ಮಿರ್ಚಿ ಭಜಿಯ ಬಂಡಿ. ನಡೆಸುವವಳು ನಮ್ಮೂರ ಓಣಿಯ ಹೆಣ್ಣುಮಗಳು, ಕೈಕೆಳಗೆ ಮಗ, ಸೊಸೆ. ಕಡಲೆ ಹಿಟ್ಟು ಇಲ್ಲಿನ ಗಿರಣಿಯದು, ಹಸಿಮೆಣಸಿನಕಾಯಿ ಸುತ್ತಲಿನ ಹಳ್ಳಿಯಿಂದ ಬೆಳಗ್ಗೆ ಬಂದದ್ದು, ಜೊತೆಗೆ ಕೊಡುವ ಚುರುಮುರಿ ಇಲ್ಲಿನ ಭಟ್ಟಿಯಲ್ಲಿ ಹುರಿದದ್ದು. ಹೊರಗಿನದು ಅಂದರೆ ಗ್ಯಾಸ್ ಮತ್ತು ಎಣ್ಣೆ. ಎಣ್ಣೆಯ ಲೆಕ್ಕ ಹಿಡಿದರೆ ಅದು ಮಲೇಷ್ಯಾ, ಇಂಡೋನೇಷ್ಯಾದ ತನಕ ಹೋಗುತ್ತದೆ, ಅದನ್ನು ಬಿಡಿ. ಆಕೆಯ ಕಡಾಯಿಗೆ ಬಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಸುತ್ತುತ್ತದೆ.

ಪಕ್ಕದಲ್ಲಿ ಆಟಿಗೆ ಸಾಮಾನಿನ ಅಂಗಡಿ. ಬಣ್ಣದ ದೀಪ, ಊದುವ ಪೀಪಿ, ಪ್ಲಾಸ್ಟಿಕ್ ಜೆಸಿಬಿ, ಎದುರಿಗೆ ಮಕ್ಕಳ ಗದ್ದಲ. ನೋಡುವವರಿಗೆ ಇದೇ ದೊಡ್ಡ ವ್ಯಾಪಾರ. ಒಂದು ವರ್ಷ ನಾನು ಆ ಅಂಗಡಿಯವನ ಸ್ಟೂಲಿನ ಮೇಲೆ ಕೂತು ಮಾತಾಡಿಸಿದೆ. ಮಾಲು ಹೈದರಾಬಾದಿನ ಬೇಗಂ ಬಜಾರಿನಿಂದ ಮೂಟೆ ಕಟ್ಟಿ ಬಂದದ್ದು. ಅವನ ಊರು ಸೊಲ್ಲಾಪುರದ ಕಡೆ. ಕೆಲಸದ ಇಬ್ಬರು ಹುಡುಗರನ್ನೂ ಅಲ್ಲಿಂದಲೇ ಕರಕೊಂಡು ಬಂದಿದ್ದ. ರಾತ್ರಿ ಅಂಗಡಿಯಲ್ಲೇ ಮಲಗುತ್ತಾರೆ, ಮಧ್ಯಾಹ್ನ ದಾಸೋಹದಲ್ಲಿ ಉಣ್ಣುತ್ತಾರೆ. ಕಲಬುರಗಿಗೆ ಅವನು ಬಿಟ್ಟುಹೋಗುವುದು ಜಾಗದ ಬಾಡಿಗೆ, ಕರೆಂಟು, ಚಹಾ. ‘ಮತ್ತ್ಯಾಕೆ ಇಷ್ಟು ದೂರ ಬರ್ತೀಯಪ್ಪ’ ಅಂದೆ. ‘ಇಲ್ಲಿ ಕೂಸು ಅತ್ರೆ ಅಪ್ಪ ಕೊಡಿಸೇ ಕೊಡಿಸ್ತಾನ ಸಾಬ್’ ಅಂದ.

ಈ ಎರಡು ಅಂಗಡಿಗಳ ನಡುವಿನ ವ್ಯತ್ಯಾಸಕ್ಕೆ ಅರ್ಥಶಾಸ್ತ್ರದಲ್ಲಿ ‘ಸೋರಿಕೆ’ ಅನ್ನುತ್ತಾರೆ. ಸೋರಿಕೆ ಕಳೆದು ಉಳಿದ ದುಡ್ಡು ಊರೊಳಗೆ ಮತ್ತೆ ಮತ್ತೆ ಕೈ ಬದಲಿಸಿ ದೊಡ್ಡದಾಗುವುದಕ್ಕೆ ‘ಗುಣಕ’ ಅನ್ನುತ್ತಾರೆ. ಭಾಷಣ ಮಾಡುವವರು ಎರಡನೆಯ ಶಬ್ದವನ್ನು ಮಾತ್ರ ಕೇಳಿರುತ್ತಾರೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಹೊರಗಿನಿಂದ ಬಂದವನು 100 ರೂಪಾಯಿ ಖರ್ಚು ಮಾಡಿದ, ಅದರಲ್ಲಿ ಊರಿನವರ ಕೈಯಲ್ಲಿ ಉಳಿದದ್ದು 20 ಅಂತಿಟ್ಟುಕೊಳ್ಳಿ. ಆ 20ನ್ನು ಅವರು ಖರ್ಚು ಮಾಡಿದಾಗ ಅದರಲ್ಲೂ ಐದರಲ್ಲೊಂದು ಪಾಲು ಇಲ್ಲಿ ಉಳಿಯುತ್ತದೆ, ಅಂದರೆ 4 ರೂಪಾಯಿ. ಆಮೇಲೆ 80 ಪೈಸೆ. ಎಲ್ಲ ಕೂಡಿಸಿದರೆ 25. ಈಗ 20ರ ಬದಲು 40 ಉಳಿಯಿತು ಅನ್ನಿ. 40, ಆಮೇಲೆ 16, ಆಮೇಲೆ 6 ರೂಪಾಯಿ 40 ಪೈಸೆ, ಹೀಗೆ ಕೊನೆಗೆ ಸುಮಾರು 67. ಉಳಿಕೆ ಎರಡು ಪಟ್ಟಾದರೆ ಊರಿನ ಗಳಿಕೆ ಎರಡೂವರೆ ಪಟ್ಟು ದಾಟುತ್ತದೆ. ಜನ ಒಬ್ಬರೂ ಹೆಚ್ಚಿಗೆ ಬರಲಿಲ್ಲ, ಪೆಂಡಾಲು ಒಂದಡಿ ದೊಡ್ಡದಾಗಲಿಲ್ಲ. ಎಷ್ಟು ಲಕ್ಷ ಜನ ಸೇರಿದರು ಅನ್ನುವುದರ ಮೇಲೆ ನನಗೆ ಅಷ್ಟಾಗಿ ಆಸಕ್ತಿ ಇಲ್ಲದಿರುವುದು ಇದಕ್ಕೇ.

ಸೇರಿದ ಜನರಲ್ಲೂ ಎಲ್ಲರನ್ನೂ ಎಣಿಸುವಂತಿಲ್ಲ. ನೀವು, ನಾನು ಸಂಜೆ ಮನೆಮಂದಿಯನ್ನು ಕರಕೊಂಡು ಹೋಗಿ ಐನೂರು ರೂಪಾಯಿ ಖರ್ಚು ಮಾಡಿದೆವು. ಊರಿಗೆ ಇದರಿಂದ ಹೊಸದೇನೂ ಬರಲಿಲ್ಲ. ಆ ಐನೂರನ್ನು ಮುಂದಿನ ವಾರ ಸಿನಿಮಾಕ್ಕೋ ಹೋಟೆಲಿಗೋ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಅಂಗಡಿಯ ಒಂದು ಶರ್ಟಿಗೋ ಹಾಕುತ್ತಿದ್ದೆವು. ಒಂದು ಕಿಸೆಯದು ಇನ್ನೊಂದು ಕಿಸೆಗೆ ಹೋಯಿತು, ಅಷ್ಟೆ. ಇನ್ನು ಕೆಲವರು ಹೇಗಿದ್ದರೂ ಊರಿಗೆ ಬರುವವರು. ದವಾಖಾನೆಗೆ ಬಂದವರು, ಮದುವೆಗೆ ಬಂದವರು, ಕೋರ್ಟಿನ ತಾರೀಖಿಗೆ ಬಂದವರು, ಬಂದ ದಾರಿಯಲ್ಲಿ ಜಾತ್ರೆಯನ್ನೂ ನೋಡಿ ಹೋಗುವವರು. ಕಲಬುರಗಿ ದವಾಖಾನೆ, ಕಾಲೇಜು, ಕಚೇರಿಗಳ ಊರು. ಇಂಥವರ ಸಂಖ್ಯೆ ಇಲ್ಲಿ ಸಣ್ಣದಲ್ಲ. ಜಾತ್ರೆ ಇರದಿದ್ದರೆ ಬರುತ್ತಲೇ ಇರಲಿಲ್ಲ ಅನ್ನುವವರು ತಂದದ್ದಷ್ಟೇ ಊರಿಗೆ ಹೊಸ ದುಡ್ಡು. ‘ಊರು’ ಅಂದರೆ ಯಾವುದು ಅನ್ನುವುದನ್ನೂ ಮೊದಲೇ ಗೆರೆ ಎಳೆದು ಹೇಳಬೇಕು. ಜೇವರ್ಗಿ, ಆಳಂದ ಕಡೆಯಿಂದ ಬಂದವರ ಖರ್ಚು ಕಲಬುರಗಿ ನಗರಕ್ಕೆ ಹೊಸದು, ಕಲಬುರಗಿ ಜಿಲ್ಲೆಗೆ ಅಲ್ಲ. ಅಕ್ಕಲಕೋಟ, ಲಾತೂರು, ತಾಂಡೂರಿನವರದ್ದು ಎರಡಕ್ಕೂ ಹೊಸದು. ನಗರದ ಲಾಭ ಅಂತ ಲೆಕ್ಕ ತೆಗೆದು ಜಿಲ್ಲೆಯ ಲಾಭ ಅಂತ ಛಾಪಿಸಿದ ವರದಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ದೊಡ್ಡ ಕಾರ್ಯಕ್ರಮವನ್ನು ಈ ಕಣ್ಣಿಂದ ನೋಡೋಣ. 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2020ರ ಫೆಬ್ರವರಿ 5ರಿಂದ 7ರವರೆಗೆ ಇಲ್ಲೇ ನಡೆಯಿತು, ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. ಕಲಬುರಗಿಗೆ ಅದು ನಾಲ್ಕನೆಯದು. 1928ರಲ್ಲಿ ಬಿ.ಎಂ.ಶ್ರೀ ಅಧ್ಯಕ್ಷತೆಯಲ್ಲಿ ಆದಾಗ ಇದು ನಿಜಾಮರ ಸೀಮೆ. ಆಮೇಲೆ 1949, 1987. 2020ರದ್ದು ಹೊಸ ದುಡ್ಡು ತರುವ ವಿಷಯದಲ್ಲಿ ಜಾತ್ರೆಗಿಂತ ಮೇಲು. ಬಂದವರಲ್ಲಿ ಬಹಳ ಮಂದಿ ಬೆಂಗಳೂರು, ಮೈಸೂರು, ಶಿವಮೊಗ್ಗ, ಧಾರವಾಡದವರು. ಅಷ್ಟು ದೂರದಿಂದ ಬಂದವರು ಅದೇ ದಿನ ವಾಪಸು ಹೋಗಲಾರರು. ನೌಕರರಿಗೆ ಓಓಡಿ ಇತ್ತು, ಅಂದರೆ ರಜೆ ಮುರಿಯದೆ ಬರುವ ಅನುಕೂಲ. (ಓಓಡಿ ತೆಗೆದರೆ ಸಮ್ಮೇಳನಕ್ಕೆ ಎಷ್ಟು ಜನ ಬಂದಾರು ಅಂತ ಯಾರಾದರೂ ಒಮ್ಮೆ ಪರೀಕ್ಷೆ ಮಾಡಬೇಕು. ಧೈರ್ಯ ಯಾರಿಗೂ ಇಲ್ಲ.) ಲಾಡ್ಜುಗಳು ತುಂಬಿದವು. ಆಟೋದವರಿಗೆ ಪುರುಸೊತ್ತಿರಲಿಲ್ಲ.

ಆದರೆ ಸಮ್ಮೇಳನದ ಜಾಗ ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಆವರಣ, ಊರ ನಡುವಿನಿಂದ ದೂರ. ತಿಂಡಿ, ಊಟ ಅಲ್ಲೇ. ಪುಸ್ತಕದ ಅಂಗಡಿಗಳೂ ಅಲ್ಲೇ, ಅವುಗಳಲ್ಲಿ ಮುಕ್ಕಾಲು ಬೇರೆ ಊರಿನವು, ದುಡ್ಡು ಅವರೊಟ್ಟಿಗೇ ಹೋಯಿತು. ಬಂದ ಪ್ರತಿನಿಧಿ ಬೆಳಗ್ಗೆ ಬಸ್ಸು ಹತ್ತಿ ಹೋದರೆ ರಾತ್ರಿ ಮಲಗಲಿಕ್ಕೆ ಮಾತ್ರ ಊರಿಗೆ ಬಂದ. ಸೂಪರ್ ಮಾರ್ಕೆಟ್ಟಿಗೆ ಅವನು ಕಾಲಿಡಬೇಕಾದ ಪ್ರಸಂಗವೇ ಬರಲಿಲ್ಲ. ಹೀಗಾಗಿ ಅಂಥ ಸಮಾರಂಭಗಳ ಊಟದ ಗುತ್ತಿಗೆ ಯಾರಿಗೆ ಹೋಗುತ್ತದೆ ಅನ್ನುವುದು ಬಹಳ ದೊಡ್ಡ ಪ್ರಶ್ನೆ. ಸಾವಿರಾರು ಜನರ ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬ್ಯಾಳಿ ಬೇಕು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರೊಟ್ಟಿ ಬಡಿಯುವ ಮಹಿಳಾ ಸಂಘಗಳು ಈಗ ಓಣಿಗೊಂದು. ಜಿಲ್ಲಾಡಳಿತವೇ ‘ಕಲಬುರಗಿ ರೊಟ್ಟಿ’ ಅನ್ನುವ ಹೆಸರಿನಲ್ಲಿ ಅವರನ್ನು ಮಾರುಕಟ್ಟೆಗೆ ತಂದಿದೆ. ರೊಟ್ಟಿ ಒಣಗಿಸಿ ಇಡಬಹುದಾದದ್ದು, ತಿಂಗಳ ಮೊದಲೇ ಬಡಿದು ಜೋಡಿಸಿಡಬಹುದು. ಹೊರ ಊರಿನ ಅಡುಗೆ ಗುತ್ತಿಗೆದಾರನ ಅನ್ನ–ಸಾಂಬಾರಿನ ಬದಲು ಈ ಸಂಘಗಳಿಗೆ ಆರ್ಡರ್ ಹೋದರೆ ಮೇಲಿನ ಲೆಕ್ಕದ 20 ಅಲ್ಲಿಯೇ 40 ಆಗುತ್ತದೆ.

ರಾತ್ರಿ ತಂಗುವ ಮಾತು ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗಲು ಬಂದು ಹಗಲೇ ಹೋಗುವವನು ಖರ್ಚು ಮಾಡುವುದು ಚಹಾ, ನಾಷ್ಟಾ, ಆಟೋ, ಒಂದಿಷ್ಟು ಚಿಲ್ಲರೆ. ಒಂದು ರಾತ್ರಿ ಉಳಿದವನದ್ದು ಕೋಣೆ ಬಾಡಿಗೆ, ರಾತ್ರಿ ಊಟ, ಬೆಳಗಿನ ನಾಷ್ಟಾ, ಆಮೇಲೆ ‘ಹೆಂಗೂ ಉಳಿದೀವಿ, ಇನ್ನೇನರ ನೋಡಮು’ ಅಂತ ಇನ್ನೊಂದು ಸುತ್ತು. 2023ರ ಜನವರಿಯಲ್ಲಿ ಹಲವು ವರ್ಷಗಳ ಅಂತರದ ಬಳಿಕ ಬೀದರ್ ಉತ್ಸವ ಕೋಟೆಯೊಳಗೆ ಆಯಿತು. ಬೀದರಿಗೆ ಹೈದರಾಬಾದು ಮೂರು ತಾಸಿನ ದಾರಿ. ಅದು ಬೀದರಿನ ಭಾಗ್ಯವೂ ಹೌದು, ಕಷ್ಟವೂ ಹೌದು. ದೊಡ್ಡ ಊರಿನ ಜನ ಸಲೀಸಾಗಿ ಬರುತ್ತಾರೆ, ಅಷ್ಟೇ ಸಲೀಸಾಗಿ ಕಾರು ತಿರುಗಿಸಿಕೊಂಡು ಮನೆಗೆ ಹೋಗಿ ಮಲಗುತ್ತಾರೆ. ಅವರನ್ನು ಉಳಿಸಬೇಕೆಂದರೆ ಮರುದಿನ ಬೆಳಗ್ಗೆ ಏಳಕ್ಕೆ ನೋಡುವಂಥದ್ದು ಏನಾದರೂ ಇಡಬೇಕು. ಮಹಮೂದ್ ಗಾವಾನನ ಮದರಸಾದಿಂದ ಚೌಬಾರಾದ ತನಕ ಗೊತ್ತಿದ್ದವರೊಬ್ಬರು ಕತೆ ಹೇಳುತ್ತ ನಡೆಸಿಕೊಂಡು ಹೋಗುವುದು, ಅಷ್ಟೂರಿನ ಗುಂಬಜಗಳ ಹತ್ತಿರ ಸೂರ್ಯೋದಯ, ಆಮೇಲೆ ನಾನಕ್ ಝೀರಾದ ಲಂಗರು. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಅದರ ಬದಲು ರಾತ್ರಿ ಒಂಬತ್ತಕ್ಕೆ ಮುಂಬೈನ ಗಾಯಕರನ್ನು ಏರಿಸಿ ಹನ್ನೊಂದಕ್ಕೆ ಪಟಾಕಿ ಹಾರಿಸಿದರೆ ಹನ್ನೊಂದೂ ಕಾಲಿಗೆ ಹೈದರಾಬಾದ್ ರಸ್ತೆ ಜಾಮ್, ಅಷ್ಟೆ. ಕಲಬುರಗಿಗೂ ಇದೇ ಮಾತು. ಹಫ್ತ್ ಗುಂಬಜ್, ಕೋಟೆಯೊಳಗಿನ 1367ರ ಜಾಮಿ ಮಸೀದಿ, ಬುದ್ಧ ವಿಹಾರ, ಒಂದು ಬೆಳಗಿಗೆ ಇಷ್ಟು ಸಾಕು.

ಬೀದರ್ ಅಂದರೆ ಬಿದ್ರಿ. ಮೇಳವೊಂದರಲ್ಲಿ ಬಿದ್ರಿ ಕುಶಲಕರ್ಮಿಯ ಮಳಿಗೆಯ ಮುಂದೆ ಅರ್ಧ ತಾಸು ನಿಂತಿದ್ದೆ. ಮೊದಲ ಕಾಲು ತಾಸು ಒಬ್ಬರೂ ನಿಲ್ಲಲಿಲ್ಲ, ದರದ ಚೀಟಿ ನೋಡಿ ಮುಂದೆ ಹೋದರು. ಆಮೇಲೆ ಆ ಕುಶಲಕರ್ಮಿ ಒಂದು ಸಣ್ಣ ತಟ್ಟೆ ತೆಗೆದರು. ಸತು–ತಾಮ್ರ ಕೂಡಿಸಿದ ಎರಕ, ಮೈಯೆಲ್ಲ ಬೂದು ಬಣ್ಣ, ಅದರಲ್ಲಿ ಕೂರಿಸಿದ ಬೆಳ್ಳಿ ತಂತಿಯ ಬಳ್ಳಿ ಕಂಡೂ ಕಾಣದಂತಿತ್ತು. ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರದ ನೀರಲ್ಲಿ ಕಲಸಿ ಬಿಸಿ ಮಾಡಿ ತಟ್ಟೆಗೆ ಸವರಿದರು, ತೊಳೆದರು. ಬೂದು ಬಣ್ಣ ಕಪ್ಪಾಯಿತು, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ಬಂತು. ಸುತ್ತ ನಲವತ್ತು ಜನ! ಆ ದಿನ ಮಾರಿದ್ದು ನಾಲ್ಕೈದು ಕೀಚೈನು, ಒಂದು ಹೂದಾನಿ. ಮಳಿಗೆಯ ಬಾಡಿಗೆ ಕಳೆದರೆ ಉಳಿದದ್ದು ಅಷ್ಟಕ್ಕಷ್ಟೇ. ಆದರೆ ಹದಿನೈದು ಜನ ಫೋನ್ ನಂಬರ್ ಬರೆದುಕೊಂಡರು, ಮದುವೆಯ ಉಡುಗೊರೆಗೆ, ಕಚೇರಿಯ ಸ್ಮರಣಿಕೆಗೆ. ಇಂಥ ವ್ಯಾಪಾರ ಉತ್ಸವದ ಮೂರು ದಿನದ ಲೆಕ್ಕದಲ್ಲಿ ಸೇರುವುದೇ ಇಲ್ಲ, ಆರು ತಿಂಗಳು ತಡವಾಗಿ ಬರುತ್ತದೆ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದ್ರಿಯ ಹೆಸರು ಕೇಳದವರೂ ಕೇಳುವಂತಾಯಿತು. ಆ ಹೆಸರನ್ನು ಗಿರಾಕಿಯಾಗಿ ಬದಲಿಸುವ ಜಾಗ ಇಂಥ ಮೇಳವೇ. ಅದಕ್ಕೆ ನನ್ನ ಒಂದೇ ಬೇಡಿಕೆ: ಕುಶಲಕರ್ಮಿಗಳಿಗೆ ಮಳಿಗೆ ಬಾಡಿಗೆ ಹಾಕಬೇಡಿ, ಮುಖ್ಯ ವೇದಿಕೆಗೆ ಹೋಗುವ ದಾರಿಯಲ್ಲಿ ಕೂರಿಸಿ. ಮೂಲೆಯಲ್ಲಿ, ಶೌಚಾಲಯದ ಪಕ್ಕದಲ್ಲಿ ಬೇಡ.

ಈಗ ವೇದಿಕೆಯ ಖರ್ಚು. ಸರ್ಕಾರಿ ಉತ್ಸವದ ಬಜೆಟ್ಟಿನಲ್ಲಿ ದೊಡ್ಡ ತುತ್ತು ನಾಲ್ಕಕ್ಕೆ ಹೋಗುತ್ತದೆ: ಪೆಂಡಾಲು, ಧ್ವನಿ–ಬೆಳಕು, ಎಲ್‌ಇಡಿ ಪರದೆ, ಹೆಸರಾಂತ ಕಲಾವಿದರು. ನಾಲ್ಕೂ ಹೆಚ್ಚಾಗಿ ಬೆಂಗಳೂರು, ಹೈದರಾಬಾದು, ಮುಂಬೈಯವು. ಟೆಂಡರಿನ ಷರತ್ತು ಹಾಗೇ ಇರುತ್ತದೆ, ಇಷ್ಟು ಕೋಟಿ ವಹಿವಾಟು ಇದ್ದವರೇ ಬರಬೇಕು ಅಂತ. ನಮ್ಮ ಊರಿನ ಶಾಮಿಯಾನದವನು ಆ ಗೆರೆ ದಾಟಲಾರ. ಕೊನೆಗೆ ಅವನೇ ದೊಡ್ಡ ಗುತ್ತಿಗೆದಾರನ ಕೈಕೆಳಗೆ ಅರ್ಧ ರೇಟಿಗೆ ಕುರ್ಚಿ ಕೊಡುತ್ತಾನೆ. ಸ್ಥಳೀಯ ಕಲಾವಿದರ ಕತೆ ಇನ್ನೂ ಬೇಸರದ್ದು. ನಮ್ಮ ಓಣಿಯಲ್ಲಿ ತತ್ವಪದ ಹಾಡುವ ಒಂದು ತಂಡ ಇದೆ, ಏಳು ಜನ, ಏಕತಾರಿ, ದಮ್ಮಡಿ, ತಾಳ. ಒಂದು ಉತ್ಸವದಲ್ಲಿ ಸಂಜೆ ನಾಲ್ಕರ ಬಿಸಿಲಲ್ಲಿ ಖಾಲಿ ಕುರ್ಚಿಗಳ ಮುಂದೆ ಹಾಡಿಸಿದರು. ಗೌರವಧನ ಕೈಗೆ ಬಂದದ್ದು ಎಂಟು ತಿಂಗಳ ಮೇಲೆ, ಅಷ್ಟರಲ್ಲಿ ಹಿರಿಯ ಹಾಡುಗಾರರೊಬ್ಬರು ತೀರಿಕೊಂಡಿದ್ದರು. ಅದೇ ವೇದಿಕೆಯಲ್ಲಿ ರಾತ್ರಿ ಹಾಡಿದವರಿಗೆ ಮುಂಗಡವೇ ಸಂದಾಯವಾಗಿತ್ತು. ಕಲೆಯ ವಿಷಯ ಬದಿಗಿಡಿ, ಬರೀ ವ್ಯಾಪಾರದ ಲೆಕ್ಕದಲ್ಲಿ ನೋಡಿದರೂ ಇದು ತಪ್ಪು. ತತ್ವಪದದವರಿಗೆ ಕೊಟ್ಟ ದುಡ್ಡು ನಾಳೆಯೇ ಇಲ್ಲಿನ ಕಿರಾಣಿ ಅಂಗಡಿಗೆ ಬರುತ್ತದೆ.

ಹಾಗಂತ ದೊಡ್ಡ ಹೆಸರಿನವರು ಬೇಡವೇ ಬೇಡ ಅನ್ನುವವನಲ್ಲ ನಾನು. ಜನ ಬರುವುದು ಅವರಿಗಾಗಿ, ಬಂದ ಮೇಲೆ ಉಳಿದದ್ದನ್ನು ನೋಡುತ್ತಾರೆ. ಕಲೆಯ ಖರ್ಚು ವರ್ಷವರ್ಷ ಏರುವುದನ್ನೂ ತಪ್ಪಿಸಲಾಗದು. ವಿಲಿಯಂ ಬೌಮೋಲ್, ವಿಲಿಯಂ ಬೋವೆನ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಷ್ಟು ಹಿಂದೆಯೇ ಇದನ್ನು ತೋರಿಸಿಕೊಟ್ಟರು. ಕಾರ್ಖಾನೆಯಲ್ಲಿ ಯಂತ್ರ ಬಂದು ಕೆಲಸಗಾರ ದಿನಕ್ಕೆ ಹತ್ತು ಪಟ್ಟು ಮಾಲು ತೆಗೆಯಬಹುದು, ಏಳು ಜನರ ತತ್ವಪದವನ್ನು ಇವತ್ತಿಗೂ ಏಳು ಜನರೇ ಅಷ್ಟೇ ಹೊತ್ತು ಹಾಡಬೇಕು. ಏಳು ಜನರ ಉದಾಹರಣೆ ನನ್ನದು, ಅವರು ತಂತಿವಾದ್ಯ ಬಾರಿಸುವವರ ಮಾತು ಹೇಳಿದ್ದರು. ಹೀಗಾಗಿ ಯಾರಾದರೂ ಕೈಹಿಡಿಯದೆ ಕಲೆ ಬದುಕುವುದು ಕಷ್ಟ. ಆ ಕೈ ಸರ್ಕಾರದ್ದೇ ಆಗಬೇಕೋ ಮಠ, ದರ್ಗಾ, ಜಾತ್ರೆಯದ್ದೋ ಅನ್ನುವುದು ಬೇರೆ ಚರ್ಚೆ.

ನಾಲಾದ ಪ್ರಶ್ನೆಗೆ ಬರುತ್ತೇನೆ, ನೀವು ಕೇಳಿದ್ದರಲ್ಲಿ ಅದೇ ಅತ್ಯಂತ ಸರಿಯಾದ ಪ್ರಶ್ನೆ. ದುಡ್ಡು ಎಲ್ಲಿಂದ ಬಂತು ಅನ್ನುವುದರ ಮೇಲೆ ಉತ್ತರ ನಿಂತಿದೆ. ಬೆಂಗಳೂರಿನ ಇಲಾಖೆಯೊಂದು ಉತ್ಸವಕ್ಕೆಂದೇ ಕೊಟ್ಟ ಅನುದಾನವಾದರೆ ಅದು ನಾವು ಬೇಡವೆಂದರೆ ಇನ್ನೊಂದು ಜಿಲ್ಲೆಯ ಉತ್ಸವಕ್ಕೆ ಹೋಗುತ್ತದೆ, ನಿಮ್ಮ ನಾಲಾಕ್ಕೆ ಬರುವುದಿಲ್ಲ. ಆಗ ಉತ್ಸವ ಮಾಡಿಕೊಳ್ಳುವುದೇ ಲಾಭ. ಮಹಾನಗರ ಪಾಲಿಕೆಯ ತೆರಿಗೆ ದುಡ್ಡಾದರೆ ಅದು ನಿಮ್ಮದೇ ದುಡ್ಡು, ನಾಲಾದ ಜೊತೆ ನೇರವಾಗಿ ತೂಗಿ ನೋಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಾದರೆ ಇನ್ನೂ ಎಚ್ಚರ ಬೇಕು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗ ಹಿಂದುಳಿದಿದೆ ಎಂಬ ಕಾರಣಕ್ಕೇ ಬಂದ ದುಡ್ಡು ಅದು, ಹೇಗಿದ್ದರೂ ಈ ಭಾಗದಲ್ಲೇ ಖರ್ಚಾಗುವಂಥದ್ದು. ಅದನ್ನು ಪೆಂಡಾಲಿಗೆ ಸುರಿದು ‘ಆರ್ಥಿಕ ಚಟುವಟಿಕೆ ಆಯಿತು’ ಅನ್ನುವುದು ಒಪ್ಪುವ ಮಾತಲ್ಲ, ಶಾಲೆಯ ಕೋಣೆ ಕಟ್ಟಿದರೂ ಗೌಂಡಿಗೆ ಕೂಲಿ ಸಿಗುತ್ತದೆ, ಕೋಣೆಯೂ ಉಳಿಯುತ್ತದೆ.

ಖರ್ಚಿನ ಕಲಂನಲ್ಲಿ ಯಾರೂ ಬರೆಯದ ಬಾಬತ್ತುಗಳೂ ಇವೆ. ಬಂದೋಬಸ್ತಿಗೆ ಹೊರಗಿನಿಂದ ಕರೆಸಿದ ಪೊಲೀಸರ ಭತ್ಯೆ, ಪೌರಕಾರ್ಮಿಕರ ರಾತ್ರಿ ಪಾಳಿ, ಮೂರು ದಿನದ ಕಸ, ಬಂದ್ ಆದ ರಸ್ತೆಯ ಮೇಲಿನ ಅಂಗಡಿಗಳ ನಷ್ಟ. ಕೊನೆಯದು ನಿಮ್ಮದೇ. ಅಂಗಡಿ ಹಾಕುವ ಜಾಗದ ಗುತ್ತಿಗೆಯ ಮಾತೂ ಹೀಗೇ. ತೈಬಜಾರ್, ಅಂದರೆ ಅಂಗಡಿ ಜಾಗದ ಬಾಡಿಗೆ ವಸೂಲಿ ಮಾಡುವ ಹಕ್ಕು, ಒಬ್ಬನಿಗೆ ಹರಾಜಾಗುತ್ತದೆ, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಭಜಿ ಹಾಕುವ ಹೆಣ್ಣುಮಗಳ ಹತ್ತಿರ ಬರುವಷ್ಟರಲ್ಲಿ ಆರು ಅಡಿ ಜಾಗದ ದಿನದ ಬಾಡಿಗೆ ಆಕೆಯ ಎರಡು ತಾಸಿನ ದುಡಿಮೆ. ಊರಿನಲ್ಲೇ ಉಳಿದ ದುಡ್ಡೇ ಇದು, ಸೋರಲಿಲ್ಲ, ಆದರೆ ಒಂದೇ ಕಡೆ ಮಡುಗಟ್ಟಿ ನಿಂತಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಗುರುತಿನ ಚೀಟಿ ಇರುವ ಸ್ಥಳೀಯರಿಗೆ ಜಾತ್ರೆಯಲ್ಲಿ ಒಂದಿಷ್ಟು ಜಾಗವನ್ನು ನೇರವಾಗಿ ಹಂಚಿದರೆ ಈ ಏಣಿಯೇ ಬೇಕಿಲ್ಲ.

ನಿಮ್ಮ ಗಲ್ಲಾ ಯಾಕೆ ಖಾಲಿ? ನೀವು ತಪ್ಪು ದಿನ ನೋಡುತ್ತಿದ್ದೀರಿ ಅಂತ ನನ್ನ ಗುಮಾನಿ. ತೇರಿನ ದಿನ ಯಾರೂ ಬಟ್ಟೆ ಕೊಳ್ಳುವುದಿಲ್ಲ, ತೇರಿಗೆ ಉಟ್ಟುಕೊಂಡು ಬರಲಿಕ್ಕೆ ಮೊದಲೇ ಕೊಂಡಿರುತ್ತಾರೆ. ಜಾತ್ರೆಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬಂದವಳಿಗೆ ಸೀರೆ, ಅಳಿಯನಿಗೆ ಬಟ್ಟೆ, ಮಕ್ಕಳಿಗೆ ಫ್ರಾಕು. ಅದು ಜಾತ್ರೆಗೆ ಹತ್ತು–ಹದಿನೈದು ದಿನ ಮುಂಚಿನ ವ್ಯಾಪಾರ. ಕಿರ್ದಿ ಪುಸ್ತಕ ತೆಗೆದು ಹೋಳಿಗೆ ಮುಂಚಿನ ಎರಡು ವಾರ, ಜಾತ್ರೆಯ ವಾರ, ಆಮೇಲಿನ ಎರಡು ವಾರ ಬೇರೆ ಬೇರೆ ಕೂಡಿಸಿ. ಹಿಂದಿನ ವರ್ಷದ ಜೊತೆ ಹೋಲಿಸುವಾಗ ತಾರೀಖು ಹಿಡಿಯಬೇಡಿ, ತಿಥಿ ಹಿಡಿಯಿರಿ. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ ಬಂತು, 2025ರಲ್ಲಿ ಮಾರ್ಚ್ 14ಕ್ಕೆ. ಮಾರ್ಚ್ ಕೊನೆಯ ವಾರಕ್ಕೆ ಮಾರ್ಚ್ ಕೊನೆಯ ವಾರ ಹೋಲಿಸಿದರೆ ಒಂದು ವರ್ಷ ತೇರಿನ ವಾರ, ಇನ್ನೊಂದು ವರ್ಷ ತೇರು ಮುಗಿದ ಮೇಲಿನ ವಾರ. ಬ್ಯಾಂಕ್ ಮ್ಯಾನೇಜರುಗಳೂ ಈ ತಪ್ಪು ಮಾಡುತ್ತಾರೆ. ಇಷ್ಟು ಮಾಡಿದ ಮೇಲೂ ನಷ್ಟವೇ ಕಂಡರೆ ನಿಮ್ಮ ದೂರು ಗಟ್ಟಿ. ಅದನ್ನು ಹಿಡಿದು ರಸ್ತೆ ಬಂದ್ ಮಾಡುವ ತಾಸು ಕಡಿಮೆ ಮಾಡಿ ಅಂತ ವ್ಯಾಪಾರಿಗಳೆಲ್ಲ ಸೇರಿ ಕೇಳಬಹುದು. ಕೈಯಲ್ಲಿ ಅಂಕಿ ಇದ್ದರೆ ಅಧಿಕಾರಿಗಳು ಕೂತು ಕೇಳುತ್ತಾರೆ.

ಊರಿನ ಮಟ್ಟದಲ್ಲೂ ಇಂಥ ಲೆಕ್ಕ ತೆಗೆಯುವುದು ಕಷ್ಟವಲ್ಲ, ಕನ್ಸಲ್ಟೆಂಟುಗಳಿಗೆ ಲಕ್ಷ ಕೊಡಬೇಕಿಲ್ಲ. ಡಿಗ್ರಿ ಕಾಲೇಜಿನ ಇಪ್ಪತ್ತು ಮಕ್ಕಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಹೋಗುವವರನ್ನು ನಾಲ್ಕು ಮಾತು ಕೇಳಿಸಿ: ಎಲ್ಲಿಂದ ಬಂದಿರಿ, ಇದಕ್ಕೇ ಬಂದಿರೋ ಬೇರೆ ಕೆಲಸವಿತ್ತೋ, ರಾತ್ರಿ ಎಲ್ಲಿ ತಂಗುತ್ತೀರಿ, ಎಷ್ಟು ಖರ್ಚಾಯಿತು. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ವಿಶೇಷ ಬಸ್ಸುಗಳ ಲೆಕ್ಕ, ಲಾಡ್ಜಿನ ರಿಜಿಸ್ಟರು, ಆ ವಾರ ಹಾಲು ಎಷ್ಟು ಹೆಚ್ಚಿಗೆ ಮಾರಿತು ಅನ್ನುವುದು, ಇವನ್ನು ಜೊತೆಗಿಟ್ಟು ನೋಡಿದರೆ ಸಾಕು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಜಾತ್ರೆಯಲ್ಲಿ ಹೆಣ್ಣುಮಕ್ಕಳ ಗುಂಪು ಹೆಚ್ಚಾಗಿರುವುದು ನನ್ನ ಕಣ್ಣಿಗೇ ಕಾಣುತ್ತದೆ. ಬಸ್ಸಿನ ಟಿಕೆಟಿನ ದುಡ್ಡು ಬಳೆ ಅಂಗಡಿಗೆ ಬಂತು. ಆದರೆ ಬಸ್ಸು ಪುಕ್ಕಟೆಯಾದ್ದರಿಂದ ರಾತ್ರಿ ಉಳಿಯುವ ಗರಜೂ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಅನ್ನುವುದನ್ನು ಆ ಇಪ್ಪತ್ತು ಮಕ್ಕಳೇ ಹೇಳಬೇಕು.

ಇನ್ನು ತಾರೀಖು. ನನ್ನ ಮಟ್ಟಿಗೆ ಕೋಟಿ ರೂಪಾಯಿ ಅನುದಾನಕ್ಕಿಂತ ಇದರ ಬೆಲೆ ಹೆಚ್ಚು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1947ರಲ್ಲಿ, ಮಹಾಯುದ್ಧ ಮುಗಿದ ಹೊಸತರಲ್ಲಿ, ಒಂದು ಕಲಾ ಉತ್ಸವ ಶುರು ಮಾಡಿದರು. ಕರೆಯದೇ ಬಂದ ಎಂಟು ನಾಟಕ ತಂಡಗಳು ಉತ್ಸವದ ಅಂಚಿನಲ್ಲಿ ತಮ್ಮದೇ ಆಟ ಹೂಡಿದವು. ಇವತ್ತು ಮೂಲ ಉತ್ಸವಕ್ಕಿಂತ ಆ ಕರೆಯದವರ ಉತ್ಸವವೇ ದೊಡ್ಡದು. ಆಗಸ್ಟ್ ಬಂತೆಂದರೆ ಜಗತ್ತಿಗೇ ಗೊತ್ತು. ನಮ್ಮ ಜಾತ್ರೆಗಳು ಇದನ್ನು ಯಾವ ಕಾಲದಿಂದಲೋ ಮಾಡಿಕೊಂಡು ಬಂದಿವೆ. ಸಂಕ್ರಾಂತಿಗೆ ಯಾದಗಿರಿ ಕಡೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಅಂತ ಯಾರೂ ಪೋಸ್ಟರ್ ಹಚ್ಚುವುದಿಲ್ಲ, ಕಂಬಳಿ ಮಾರುವವನು, ಭಂಡಾರ ಮಾರುವವನು, ತೆಲಂಗಾಣದ ಭಕ್ತರು ತಾವಾಗಿ ಬರುತ್ತಾರೆ. ಆಟಿಗೆ ಸಾಮಾನಿನವನಿಗೆ ವರ್ಷದ ಹನ್ನೆರಡು ತಿಂಗಳ ಜಾತ್ರೆಗಳ ಸಾಲು ಬಾಯಿಪಾಠ. ಸರ್ಕಾರಿ ಉತ್ಸವದ ತಾರೀಖು ಮಾತ್ರ ಮಂತ್ರಿಗಳ ಪುರುಸೊತ್ತು, ನೀತಿ ಸಂಹಿತೆ, ಅನುದಾನ ಬಿಡುಗಡೆ ನೋಡಿಕೊಂಡು ಇಪ್ಪತ್ತು ದಿನ ಮುಂಚೆ ಗೊತ್ತಾಗುತ್ತದೆ, ಒಂದು ವರ್ಷ ಇದ್ದರೆ ಮೂರು ವರ್ಷ ಇಲ್ಲ. ಯಾವ ಲಾಡ್ಜಿನವನು ಅದನ್ನು ನಂಬಿ ನಾಲ್ಕು ಕೋಣೆ ಹೆಚ್ಚಿಗೆ ಕಟ್ಟಿಸುತ್ತಾನೆ?

ತಾರೀಖಿನ ಮಾತಿನಲ್ಲೇ ನಮ್ಮ ಊರಿಗೆ ಒಂದು ಅಪರೂಪದ ಸಂಗತಿ ಬರಲಿದೆ, ನೀವು ಬಟ್ಟೆ ವ್ಯಾಪಾರಿಯಾದ್ದರಿಂದ ಹೇಳಿಯೇ ಬಿಡುತ್ತೇನೆ. ಇಲ್ಲಿನ ದರ್ಗಾದ ಸೂಫಿ ಸಂತ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ, ಶರಣಬಸವೇಶ್ವರರು ಲಿಂಗೈಕ್ಯರಾದದ್ದು ಸರಿಯಾಗಿ ನಾನೂರು ವರ್ಷದ ಮೇಲೆ, 1822ರಲ್ಲಿ. ಬಂದೇ ನವಾಜರ ಪುಣ್ಯತಿಥಿಯ ಉರುಸು ಜಿಲ್ಖಾದ್ ತಿಂಗಳ 15ರಿಂದ 17, ಚಂದ್ರಮಾನದ ಲೆಕ್ಕ, ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಮುಂಚೆ ಬರುತ್ತದೆ. 2019ರಲ್ಲಿ ಜುಲೈ ಮಳೆಯಲ್ಲಿ ಆಯಿತು, 2024ರಲ್ಲಿ ಮೇ ಕೊನೆಯ ಬೆಂಕಿ ಬಿಸಿಲಲ್ಲಿ. ಹೀಗೇ ಸರಿಯುತ್ತ 2030ರ ಮಾರ್ಚ್‌ನಲ್ಲಿ ಉರುಸು ಮತ್ತು ಶರಣಬಸವೇಶ್ವರರ ಜಾತ್ರೆ ಹೆಚ್ಚುಕಡಿಮೆ ಒಂದೇ ವಾರಕ್ಕೆ ಬೀಳುತ್ತವೆ. ಎರಡೂ ಕಡೆಯ ಭಕ್ತರು, ಎರಡೂ ಕಡೆಯ ಅಂಗಡಿ, ಒಂದೇ ಊರು, ಅವೇ ಲಾಡ್ಜು, ಅದೇ ಬಸ್ ಸ್ಟ್ಯಾಂಡು. ಪಾಲಿಕೆಯವರು ಈಗಲೇ ನೀರು, ಪಾರ್ಕಿಂಗ್, ರಸ್ತೆಯ ನಕ್ಷೆ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಆ ವರ್ಷ ರಂಜಾನ್ ಹಬ್ಬ ಫೆಬ್ರವರಿ ಮೊದಲ ವಾರ, ಅದಾಗಿ ಆರು ವಾರಕ್ಕೆ ಹೋಳಿ. ನೀವು ಜನವರಿಯೊಳಗೇ ಮಾಲು ತರಿಸಿಡಿ, ಫೆಬ್ರವರಿ ಮಧ್ಯದಲ್ಲಿ ಆರ್ಡರ್ ಹಾಕಿದರೆ ಮಾಲು ತಲುಪುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಗೆ ಹೋಗಿರುತ್ತಾರೆ.